ಎಲೆಕ್ಟ್ರಾನಿಕ್ ತಕ್ಕಡಿ ಸರಿಯಾಗಿ ತೂಗಬೇಕಾದರೆ

ಹೊಸಕೋಟೆ ತಾಲ್ಲೂಕಿನ ರೈತರು ಹಾಲು, ತರಕಾರಿಗಳನ್ನು ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಗಿ ಮಾರುವುದು ಇಂದು ಸಾಮಾನ್ಯ. ದಿನಕ್ಕೆರಡು ಹೊತ್ತು ಹಾಲು ಹಾಕುವವರಿಗೆ ಪ್ರತಿ ಸಲ 100 ಗ್ರಾಂ ಕಡಿಮೆ ತೋರಿದರೆ ವರ್ಷಕ್ಕೆ 73 ಕಿ.ಗ್ರಾಂ. ನಷ್ಟವಾಗುತ್ತದೆ. ಆದುದರಿಂದ ತಕ್ಕಡಿಯ ಒಳಗಿನ ಕೆಲಸವನ್ನು ರೈತರು ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಅಳೆಯುವುದು ಎಷ್ಟು ಸಣ್ಣದು?

ತಟ್ಟೆಯ ಕೆಳಗೆ ಲೋಡ್ ಸೆಲ್ ಎಂಬ ಲೋಹದ ತುಂಡು ಇರುತ್ತದೆ. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದರ ಮೇಲೆ ಅಂಟಿಸಿದ ತೆಳುಪಟ್ಟಿಗಳ ವಿದ್ಯುತ್ ರೋಧ ಬದಲಾಗಿ ಅತ್ಯಲ್ಪ ವೋಲ್ಟೇಜು ಹುಟ್ಟುತ್ತದೆ. ಉದಾಹರಣೆಗೆ, 100 ಕಿ.ಗ್ರಾಂ. ತೂಗುವ ಸೆಲ್ಲು ಪೂರ್ತಿ ಭಾರಕ್ಕೆ 10 ಮಿಲಿವೋಲ್ಟ್ ಕೊಡುತ್ತದೆಯೆನ್ನೋಣ. ಆಗ 100 ಗ್ರಾಂಗೆ ಸಿಗುವುದು 10 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಲಕ್ಷದಲ್ಲೊಂದು ಪಾಲು. ಇದರೊಡನೆ ಬೆರೆಯುವ ಬೇಡದ ವಿದ್ಯುತ್ ಏರಿಳಿತಕ್ಕೆ 'ಗದ್ದಲ' ಎನ್ನುತ್ತಾರೆ.

ಸರ್ಕ್ಯೂಟ್ ಬೋರ್ಡಿನ ರಚನೆ

ಬೋರ್ಡಿನ ಮೇಲಿನ ತಾಮ್ರದ ಗೆರೆಗಳೇ ತಂತಿಗಳು. ಅರ್ಧ ಮಿ.ಮೀ. ಅಗಲ, 1 ಸೆಂ.ಮೀ. ಉದ್ದದ ಗೆರೆಗೆ ಸುಮಾರು 10 ಮಿಲಿಓಮ್ ರೋಧವಿರುತ್ತದೆ. ಅದರಲ್ಲಿ ಕೇವಲ 1 ಮಿಲಿಆಂಪಿಯರ್ ಹರಿದರೂ 10 ಮೈಕ್ರೋವೋಲ್ಟ್ ಹುಟ್ಟುತ್ತದೆ. ಇದು 100 ಗ್ರಾಂಗೆ ಸಮ! ದೀಪದಂಕಿಗಳ ಕರೆಂಟು ಅಂಕಿ ಬದಲಾದಂತೆ ಏರಿಳಿಯುತ್ತದೆ. '8'ಕ್ಕೆ ಏಳು ಗೆರೆ ಉರಿದರೆ '1'ಕ್ಕೆ ಎರಡೇ. ಒಂದೇ ಕಾಲುವೆಯಲ್ಲಿ ಎರಡು ಹೊಲದ ನೀರು ಹರಿಸಿದರೆ ಲೆಕ್ಕ ಸಿಗದು. ಹಾಗೆಯೇ ಅಂಕಿಗಳ ಕರೆಂಟು ಮರಳುವ ದಾರಿಯೂ ಸೆಲ್ಲಿನ ದಾರಿಯೂ ಬೇರೆಬೇರೆಯಾಗಿದ್ದು, ಒಂದೇ ಕಡೆ ಕೂಡಬೇಕು. ಸೆಲ್ಲಿನ ಎರಡು ಗೆರೆಗಳು ಅಕ್ಕಪಕ್ಕದಲ್ಲೇ ಸಾಗಬೇಕು.

ಊರಿನ ಕರೆಂಟು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. 20 ಮಿಲಿಸೆಕೆಂಡು ಅಥವಾ ಅದರ ಪೂರ್ಣ ಗುಣಕದಷ್ಟು ಕಾಲ ಸರಾಸರಿ ತೆಗೆದರೆ ಈ ಏರಿಳಿತ ತಾನಾಗಿ ಕಳೆದುಹೋಗುತ್ತದೆ.

ಗಮನಿಸಬೇಕಾದ ಅಂಶಗಳು

1. ತಕ್ಕಡಿಯನ್ನು ಮಟ್ಟವಾದ ನೆಲದಲ್ಲಿ, ಮೋಟಾರು ಮತ್ತು ಸ್ಟಾರ್ಟರಿನಿಂದ ದೂರ ಇಡಬೇಕು.

2. ಸೆಲ್ಲಿನ ತಂತಿಯನ್ನು ಕರೆಂಟಿನ ತಂತಿಯೊಡನೆ ಕಟ್ಟಬಾರದು. ಕತ್ತರಿಸಿ ಗಂಟು ಹಾಕಬಾರದು.

3. ಪೆಟ್ಟಿಗೆಯೊಳಗೆ ನೀರು, ಹಾಲು, ಧೂಳು ಸೇರದಂತೆ ನೋಡಿಕೊಳ್ಳಬೇಕು. ತೇವವೂ ಕರೆಂಟಿಗೆ ದಾರಿಯಾಗುತ್ತದೆ.

4. ತೂಗುವ ಮೊದಲು ಖಾಲಿ ತಟ್ಟೆಗೆ ಸೊನ್ನೆ ತೋರಬೇಕು. ಮುದ್ರೆಯುಳ್ಳ ತೂಕದ ಬಟ್ಟನ್ನು ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಇಟ್ಟು ನೋಡಬೇಕು.

5. ಬಟ್ಟು ಇಟ್ಟಿರುವಾಗಲೇ ಹತ್ತಿರದ ಮೋಟಾರನ್ನು ಹಾಕಿ ಆರಿಸಿರಿ. ಅಂಕಿ ಓಲಾಡಿದರೆ ಗದ್ದಲ ನುಗ್ಗುತ್ತಿದೆಯೆಂದು ತಿಳಿಯಬೇಕು. ಅಂಕಿ ಸ್ಥಿರವಾಗಿದ್ದೂ ತಪ್ಪಾಗಿದ್ದರೆ ಹೊಂದಾಣಿಕೆ ಕೆಟ್ಟಿರಬಹುದು.

6. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಗೂ ಅದರ ಅವಧಿಯನ್ನು ತಪ್ಪದೆ ಪರಿಶೀಲಿಸಬೇಕು.

ಈ ಪರೀಕ್ಷೆಗೆ ಐದು ನಿಮಿಷ ಸಾಕು. ವಿಸ್ತರಣಾ ಕಾರ್ಯಕರ್ತರು ಇದನ್ನು ಹಾಲಿನ ಸಂಘಗಳಲ್ಲಿ ರೈತರ ಎದುರಿಗೇ ಮಾಡಿ ತೋರಿಸಬಹುದು.