ಆಟದ ಗುಂಪು

ಆಟದ ಗುಂಪು ಅಥವಾ ಪ್ಲೇಗ್ರೂಪ್ ಎಂಬುದು ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳು ನಿಯತವಾಗಿ ಒಂದೆಡೆ ಸೇರಿ ಆಡುವ, ಪಾಲಕರು ತಾವೇ ನಡೆಸುವ ಅಥವಾ ಪಾಲ್ಗೊಳ್ಳುವ ಸಮುದಾಯ ವ್ಯವಸ್ಥೆಯಾಗಿದೆ. ಈ ಪದದ ಅರ್ಥ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಪಾಲಕರು ಮಗುವಿನ ಜೊತೆಯಲ್ಲೇ ಇರುತ್ತಾರೆ. ಭಾರತದ ನಗರಗಳಲ್ಲಿ ಇದೇ ಹೆಸರು ಸಾಮಾನ್ಯವಾಗಿ ಶುಲ್ಕ ಪಡೆದು ನಡೆಸುವ ಖಾಸಗಿ ಶಾಲಾಪೂರ್ವ ತರಗತಿಯನ್ನು ಸೂಚಿಸುತ್ತದೆ.

ಇತಿಹಾಸ

ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಜಿಲೆಂಡಿನ ಅನೇಕ ಪುರುಷರು ಸೈನ್ಯಕ್ಕೆ ತೆರಳಿದ್ದರಿಂದ ತಾಯಂದಿರು ಒಂಟಿಯಾಗಿ ಮಕ್ಕಳನ್ನು ನೋಡಿಕೊಳ್ಳಬೇಕಾಯಿತು. ಅವರ ನೆರವಿಗಾಗಿ 1941ರಲ್ಲಿ ವೆಲ್ಲಿಂಗ್ಟನ್ನಿನಲ್ಲಿ ಪ್ಲೇಸೆಂಟರ್ ಚಳವಳಿ ಆರಂಭವಾಯಿತು. ಪಾಲಕರೇ ಸರದಿಯಂತೆ ಕೇಂದ್ರವನ್ನು ನಡೆಸುವುದು ಇದರ ವೈಶಿಷ್ಟ್ಯ.

ಬ್ರಿಟನ್ನಿನಲ್ಲಿ ಸರ್ಕಾರಿ ನರ್ಸರಿ ಶಾಲೆಗಳ ಕೊರತೆಯೇ ಈ ಚಳವಳಿಗೆ ಕಾರಣವಾಯಿತು. ಲಂಡನ್ನಿನ ತಾಯಿ ಬೆಲ್ ಟುಟೇವ್ 1961ರಲ್ಲಿ ದಿ ಗಾರ್ಡಿಯನ್ ಪತ್ರಿಕೆಗೆ ಪತ್ರ ಬರೆದು, ಪಾಲಕರು ತಾವೇ ಗುಂಪುಗಳನ್ನು ಕಟ್ಟಿಕೊಳ್ಳಬಹುದೆಂದು ಸೂಚಿಸಿದರು. ಇದಕ್ಕೆ ದೊರೆತ ಪ್ರತಿಕ್ರಿಯೆಯಿಂದ 1962ರಲ್ಲಿ ಪ್ರೀ-ಸ್ಕೂಲ್ ಪ್ಲೇಗ್ರೂಪ್ಸ್ ಅಸೋಸಿಯೇಷನ್ ಸ್ಥಾಪನೆಯಾಯಿತು. ಇದು ಇಂದು ಅರ್ಲಿ ಇಯರ್ಸ್ ಅಲಯನ್ಸ್ ಎಂಬ ಹೆಸರಿನಲ್ಲಿದೆ.

ಪಾಲಕರ ಬೆಂಬಲ ಗುಂಪುಗಳು

ಇವುಗಳಲ್ಲಿ ಆಟಕ್ಕಿಂತ ಪಾಲಕರ ಪರಸ್ಪರ ನೆರವಿಗೆ ಪ್ರಾಧಾನ್ಯವಿರುತ್ತದೆ. 1956ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಏಳು ಮಹಿಳೆಯರು ಸ್ಥಾಪಿಸಿದ ಲಾ ಲೆಚೆ ಲೀಗ್, ಎದೆಹಾಲುಣಿಸುವ ತಾಯಂದಿರಿಗೆ ಅನುಭವಿ ತಾಯಂದಿರಿಂದಲೇ ಮಾರ್ಗದರ್ಶನ ಒದಗಿಸುತ್ತದೆ. ಅವಳಿ ಮಕ್ಕಳ, ಅವಧಿಪೂರ್ವ ಜನಿಸಿದ ಮಕ್ಕಳ ಹಾಗೂ ಅಂಗವೈಕಲ್ಯವುಳ್ಳ ಮಕ್ಕಳ ಪಾಲಕರಿಗೂ ಪ್ರತ್ಯೇಕ ಗುಂಪುಗಳಿವೆ. ನಿದ್ರೆಯ ಕೊರತೆ, ಒಂಟಿತನ ಮುಂತಾದ ತೊಂದರೆಗಳು ತನಗೊಬ್ಬಳಿಗೇ ಬಂದವಲ್ಲ ಎಂಬ ಅರಿವು ಹೊಸ ತಾಯಿಗೆ ಧೈರ್ಯ ನೀಡುತ್ತದೆ. ಆದರೆ ಇಂತಹ ಗುಂಪು ವೈದ್ಯಕೀಯ ಚಿಕಿತ್ಸೆಗೆ ಬದಲಿಯಲ್ಲ. ಎರಡು ವಾರ ಕಳೆದರೂ ತಗ್ಗದ ದುಃಖ, ಮಗುವಿನಲ್ಲಿ ನಿರಾಸಕ್ತಿ ಇವು ಪ್ರಸವೋತ್ತರ ಖಿನ್ನತೆಯ ಲಕ್ಷಣಗಳಾಗಿರಬಹುದಾದ್ದರಿಂದ ವೈದ್ಯರ ಸಲಹೆ ಪಡೆಯುವುದು ಅಗತ್ಯ. ತನಗೆ ಅಥವಾ ಮಗುವಿಗೆ ಹಾನಿ ಮಾಡಿಕೊಳ್ಳುವ ಆಲೋಚನೆ ಬಂದಲ್ಲಿ ತಕ್ಷಣವೇ ನೆರವು ಪಡೆಯಬೇಕು. ಭಾರತದಲ್ಲಿ ಟೆಲಿ-ಮಾನಸ್ ಉಚಿತ ಸಹಾಯವಾಣಿಯ ಸಂಖ್ಯೆ 14416.

ಗುಂಪುಗಳನ್ನು ಕಂಡುಕೊಳ್ಳುವ ವಿಧಾನ

ಬ್ರಿಟನ್ನಿನಲ್ಲಿ ಹೆರಿಗೆಯ ನಂತರ ಮನೆಗೆ ಭೇಟಿ ನೀಡುವ ಆರೋಗ್ಯ ಸಂದರ್ಶಕಿಯರು, ಗ್ರಂಥಾಲಯಗಳು ಮತ್ತು ಸ್ಥಳೀಯ ಚರ್ಚುಗಳಿಂದ ಮಾಹಿತಿ ದೊರೆಯುತ್ತದೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ತಾಯಿ-ಮಕ್ಕಳ ಆರೋಗ್ಯ ಸೇವೆಯ ದಾದಿಯರೇ ಚೊಚ್ಚಲ ಮಗುವಿನ ಪಾಲಕರ ಗುಂಪುಗಳನ್ನು ರೂಪಿಸುತ್ತಾರೆ. ಗುಂಪಿಗೆ ಸೇರುವ ಮುನ್ನ ಮಕ್ಕಳ ವಯೋಮಿತಿ, ಶುಲ್ಕ, ಸ್ಥಳದ ಸ್ವಚ್ಛತೆ ಹಾಗೂ ಪಾಲಕರು ಜೊತೆಯಲ್ಲಿ ಇರಬೇಕೇ ಎಂಬುದನ್ನು ವಿಚಾರಿಸಬೇಕು. ಗಂಟಲಿನಲ್ಲಿ ಸಿಲುಕಬಹುದಾದ ಸಣ್ಣ ಆಟಿಕೆಗಳು ಅಂಬೆಗಾಲಿಡುವ ಮಕ್ಕಳ ಕೈಗೆ ಸಿಗದಂತಿರಬೇಕು. ಮೊದಲ ಭೇಟಿಯಲ್ಲಿ ಮಗು ಯಾರೊಂದಿಗೂ ಬೆರೆಯದಿದ್ದರೆ ಆತಂಕಪಡಬೇಕಿಲ್ಲ. ಎರಡು ವರ್ಷದ ಆಸುಪಾಸಿನ ಮಕ್ಕಳು ಒಬ್ಬರ ಪಕ್ಕದಲ್ಲೊಬ್ಬರು ಕುಳಿತು ತಮ್ಮ ಪಾಡಿಗೆ ತಾವು ಆಡುವುದು ಸಹಜ. ಇದನ್ನು ಸಮಾನಾಂತರ ಆಟವೆನ್ನುತ್ತಾರೆ.

ಭಾರತದಲ್ಲಿ

ಭಾರತದಲ್ಲಿ 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಈ ಅಗತ್ಯವನ್ನು ಭಾಗಶಃ ಪೂರೈಸುತ್ತವೆ. ಕರ್ನಾಟಕದಲ್ಲಿ ಇದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಪ್ರಾರಂಭವಾಯಿತು. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ ಮೂರರಿಂದ ಆರು ವರ್ಷದ ಮಕ್ಕಳಿಗೆ ಮೀಸಲಾಗಿದ್ದರೂ, ಅದಕ್ಕಿಂತ ಚಿಕ್ಕ ಮಕ್ಕಳ ತಾಯಂದಿರು ಅಲ್ಲಿ ಪೂರಕ ಆಹಾರ, ಮಗುವಿನ ತೂಕದ ತಪಾಸಣೆ ಮತ್ತು ಸಲಹೆ ಪಡೆಯಬಹುದು. ಅಲ್ಲಿ ನಡೆಯುವ ತಾಯಂದಿರ ಸಭೆಗಳ ದಿನಾಂಕವನ್ನು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಯರಿಂದ ತಿಳಿಯಬಹುದಾಗಿದೆ.