‘ಅಕುಶಲ’ ಮೇಷ್ಟ್ರು ಕಲಿಸಿದ ಕಾಡಿನ ಪಾಠ

ಸರ್ಕಾರಿ ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ನಾನು ಸಹಿ ಮಾಡಿದ ಕೂಲಿ ಪಟ್ಟಿಗಳಿಗೆ ಲೆಕ್ಕವಿಲ್ಲ. ಅವುಗಳಲ್ಲಿ ಮೂರು ಕಾಲಂಗಳಿರುತ್ತಿದ್ದವು: ಕುಶಲ, ಅರೆಕುಶಲ, ಅಕುಶಲ. ಕಾಡಂಚಿನ ಹಾಡಿಗಳಿಂದ ಕೆಲಸಕ್ಕೆ ಬಂದವರ ಹೆಸರು ತಾನಾಗಿಯೇ ಮೂರನೆಯ ಕಾಲಂಗೆ ಹೋಗುತ್ತಿತ್ತು. ಏಕೆಂದು ಯಾವ ಗುಮಾಸ್ತರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಆ ಪ್ರಶ್ನೆ ನನಗೆ ಎದುರಾದದ್ದು ನಿವೃತ್ತಿಯ ನಂತರ, ಕಳೆದ ಜನವರಿಯಲ್ಲಿ, ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ.

ಹನ್ನೊಂದು ಮಂದಿ ನಿವೃತ್ತರ ತಂಡ ನಮ್ಮದು. ಅನುಮತಿ ಪಡೆದು ಒಂದು ದಿನದ ಚಾರಣಕ್ಕೆ ಹೊರಟಿದ್ದೆವು. ಜೊತೆಗೆ ಬಂದವರು ಹತ್ತಿರದ ಪೋಡಿನ ಸೋಲಿಗ ಹಿರಿಯರೊಬ್ಬರು. ವಯಸ್ಸಿನಲ್ಲಿ ನನಗಿಂತ ನಾಲ್ಕಾರು ವರ್ಷ ದೊಡ್ಡವರಿರಬಹುದು. ನಾವೆಲ್ಲ ಅವರನ್ನು ‘ಯಜಮಾನರೇ’ ಎಂದೇ ಕರೆದೆವು. ಪೂರ್ವ ಮತ್ತು ಪಶ್ಚಿಮ ಘಟ್ಟಗಳನ್ನು ಬೆಸೆಯುವ ಈ ಬೆಟ್ಟಸಾಲಿನಲ್ಲಿ ಕುರುಚಲು ಕಾಡೂ ಇದೆ, ಹೊಳೆಯ ದಂಡೆಗಳಲ್ಲಿ ಮತ್ತು ಎತ್ತರದ ಕಣಿವೆಗಳಲ್ಲಿ ಬಿಸಿಲು ನೆಲ ಮುಟ್ಟದ ನಿತ್ಯಹರಿದ್ವರ್ಣ ಕಾಡೂ ಇದೆ. ನಮ್ಮ ಪಾಠ ನಡೆದದ್ದು ಈ ಎರಡನೆಯ ಕಾಡಿನಲ್ಲಿ.

ಮೊದಲ ಪಾಠ ಮೌನ. ನಮ್ಮ ಹರಟೆ ನಿಲ್ಲುವವರೆಗೂ ಯಜಮಾನರು ಹೆಜ್ಜೆ ಕಿತ್ತಿಡಲಿಲ್ಲ. ಎರಡನೆಯದು ಗಾಳಿ. ಹಿಡಿ ಒಣಮಣ್ಣನ್ನು ಬೆರಳ ಸಂದಿಯಿಂದ ಉದುರಿಸಿ, ಅದು ಯಾವ ಕಡೆ ಸರಿಯುತ್ತದೆಂದು ನೋಡಿದರು. ಆನೆಯ ಲದ್ದಿಯ ಒಳಗೆ ಬೆರಳಿಟ್ಟು ಬಿಸಿ ಪರೀಕ್ಷಿಸಿದರು. ಮರದ ಕಾಂಡದ ಮೇಲಿನ ಗೀರುಗಳನ್ನು ತೋರಿಸಿ, ಜೇನಿಗಾಗಿ ಕರಡಿ ಹತ್ತಿದ ಗುರುತು ಎಂದರು. ದೂರದಲ್ಲಿ ಮುಸುವವೊಂದು ಕೂಗಿದಾಗ ಅದು ಜಗಳದ ಕೂಗೋ ಎಚ್ಚರಿಕೆಯ ಕೂಗೋ ಎಂದು ನಮ್ಮನ್ನೇ ಕೇಳಿದರು. ಹನ್ನೊಂದು ಪದವೀಧರರಲ್ಲಿ ಒಬ್ಬರಿಂದಲೂ ಉತ್ತರ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವರು ಇದ್ದಕ್ಕಿದ್ದಂತೆ ಕೈಯೆತ್ತಿ ನಿಲ್ಲಿಸಿದರು. ‘ಸ್ವಾಮಿ, ಗಾಳಿ ನಮ್ ಕಡೆಯಿಂದ ಅತ್ಲಾಗೆ ಹೋಯ್ತಾ ಅದೆ, ಹಿಂದಕ್ಕೆ ಬನ್ನಿ’ ಎಂದಷ್ಟೇ ಪಿಸುಗುಟ್ಟಿದರು. ನಮಗೆ ಏನೂ ಕಾಣಲಿಲ್ಲ, ಕೇಳಲಿಲ್ಲ. ಬಂಡೆಯೊಂದರ ಮರೆಗೆ ಸುತ್ತಿಬಳಸಿ ಕರೆದೊಯ್ದು ಕೂರಿಸಿದರು. ಕಾಲು ಗಂಟೆಯ ನಂತರ ನಾವು ನಿಂತಿದ್ದ ದಾರಿಯಲ್ಲೇ ಮರಿಯೊಂದಿಗೆ ಮೂರು ಆನೆಗಳು ದಾಟಿಹೋದವು. ಆ ಕ್ಷಣದಲ್ಲಿ ನಮ್ಮ ಜೀವ ಉಳಿಸಿದ ವಿದ್ಯೆಗೆ ನನ್ನ ಹಳೆಯ ಪಟ್ಟಿಗಳಲ್ಲಿ ಕಾಲಂ ಇರಲಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆನೆಯಲ್ಲ, ಗೆಣಸು. ಬಳ್ಳಿಯೊಂದರ ಜಾಡು ಹಿಡಿದು ಯಜಮಾನರು ಕಾಡುಗೆಣಸು ಅಗೆದರು. ಬೇಕಾದಷ್ಟನ್ನು ತೆಗೆದುಕೊಂಡು, ಬಳ್ಳಿಗೆ ಅಂಟಿದ ತುದಿಯ ಭಾಗವನ್ನು ಮತ್ತೆ ಗುಂಡಿಯಲ್ಲಿಟ್ಟು ಮಣ್ಣು ಮುಚ್ಚಿದರು. ಎಂ.ಎ. ತರಗತಿಯಲ್ಲಿ ನಾವು ಗಟ್ಟಿಮಾಡಿದ್ದು ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಮಂಡಿಸಿದ ವಾದವನ್ನು: ಎಲ್ಲರಿಗೂ ಸೇರಿದ ಸಂಪತ್ತು ಯಾರದೂ ಅಲ್ಲದೆ ಹಾಳಾಗುತ್ತದೆ, ಆದ್ದರಿಂದ ಅದು ಸರ್ಕಾರದ ಅಥವಾ ಖಾಸಗಿಯವರ ಕೈಯಲ್ಲಿರಬೇಕು. ಬಳಸುವವರೇ ನಿಯಮ ಮಾಡಿಕೊಂಡು ಸಾಮುದಾಯಿಕ ಸಂಪತ್ತನ್ನು ತಲೆಮಾರುಗಳ ಕಾಲ ಕಾಪಾಡಬಲ್ಲರೆಂದು ತೋರಿಸಿದ ಎಲಿನರ್ ಆಸ್ಟ್ರಂ ಅವರಿಗೆ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಯಜಮಾನರು ಇಬ್ಬರನ್ನೂ ಓದಿಲ್ಲ. ಗುಂಡಿಗೆ ಮಣ್ಣು ಮುಚ್ಚುವುದನ್ನು ಮರೆಯಲೂ ಇಲ್ಲ.

ಈ ಜನರೊಂದಿಗೆ ಆಡಳಿತ ನಡೆದುಕೊಂಡ ಬಗೆ ಮಾತ್ರ ಹಾರ್ಡಿನ್ ಪಾಠದಂತೆಯೇ ಇತ್ತು. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾಯಿತು. ಬೇಸಾಯ, ಬೇಟೆ ನಿಂತವು. ಕುಟುಂಬಗಳು ರಸ್ತೆ ಬದಿಯ ಪೋಡುಗಳಿಗೆ ಬಂದವು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಬಂದ ತರುವಾಯ, 2006ರಲ್ಲಿ, ಜೇನು, ನೆಲ್ಲಿ, ಪಾಚಿಗಳನ್ನು ಸಂಗ್ರಹಿಸಿ ಮಾರುವುದಕ್ಕೂ ತಡೆ ಬಿತ್ತು. ಕಡತಗಳಲ್ಲಿ ಇವುಗಳ ಹೆಸರು ‘ಕಿರು ಅರಣ್ಯ ಉತ್ಪನ್ನ’. ಯಾರ ಪಾಲಿಗೆ ಕಿರು ಎಂದು ನಾವು ಎಂದೂ ಬರೆಯಲಿಲ್ಲ. 2011ರ ಆರಂಭದಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಇದೇ ಕಾಡಿನಲ್ಲಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ, ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕು ದೊರೆಯಿತು. ದೇಶದ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇದೇ ಮೊದಲು.

ಸಂಗ್ರಹಿಸುವ ಹಕ್ಕೇನೋ ಬಂತು. ಅವರ ತಿಳಿವಳಿಕೆಗೆ ಮಾನ್ಯತೆ ಬಂದಿಲ್ಲ. ಹಿಂದೆ ಸೋಲಿಗರು ಬೇಸಿಗೆ ಬಲಿಯುವ ಮುನ್ನ ಒಣ ಎಲೆಗಳಿಗೆ ಸಣ್ಣದಾಗಿ ಬೆಂಕಿ ಕೊಡುತ್ತಿದ್ದರು. ಅದನ್ನು ‘ತರಗು ಬೆಂಕಿ’ ಎನ್ನುತ್ತಾರೆ. ಅದು ನಿಂತ ಮೇಲೆ ನೆಲ್ಲಿಮರಗಳನ್ನು ಹೀರುವ ‘ಉಪ್ಪಿಲು’ ಎಂಬ ಪರಾವಲಂಬಿ ಬಂದಣಿಕೆಯೂ ಲಾಂಟಾನವೂ ಹೆಚ್ಚಿದವೆಂದು ಯಜಮಾನರು ಮರಗಳನ್ನೇ ಸಾಕ್ಷಿಯಾಗಿ ತೋರಿಸಿದರು. ಈ ವಾದವನ್ನು ಸಂಶೋಧಕರೂ ಗಂಭೀರವಾಗಿ ಪರಿಗಣಿಸಿ ಅಧ್ಯಯನ ನಡೆಸಿದ್ದಾರೆ. ಬೆಂಕಿಯ ಬಗ್ಗೆ ಇಲಾಖೆಗಿರುವ ಭಯ ನಿರಾಧಾರವಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹಬ್ಬಿದ ಜ್ವಾಲೆಯನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಆಳೆತ್ತರದ ಒಣ ಲಾಂಟಾನಕ್ಕೆ ಬಿದ್ದ ಬೆಂಕಿಯೂ ಕಾಲ ನೋಡಿ ಇಟ್ಟ ತರಗು ಬೆಂಕಿಯೂ ಒಂದೇ ಅಲ್ಲ. ಆ ವ್ಯತ್ಯಾಸ ಬಲ್ಲವರನ್ನು ಸಣ್ಣ ಪ್ರದೇಶವೊಂದರಲ್ಲಿ, ಇಲಾಖೆಯ ಮೇಲ್ವಿಚಾರಣೆಯಲ್ಲಿಯೇ, ಪ್ರಯೋಗಕ್ಕೆ ಬಳಸಿಕೊಳ್ಳಲು ಅಡ್ಡಿಯೇನು?

ಕಾಲ ಹೆಚ್ಚಿಲ್ಲ. ‘ನಿಮ್ಮ ಮೊಮ್ಮಗನಿಗೆ ಇದೆಲ್ಲ ಗೊತ್ತೇ?’ ಎಂದು ಕೇಳಿದೆ. ‘ಅವ್ನು ಹಾಸ್ಟೆಲ್ ಸ್ವಾಮಿ. ರಜಕ್ಕೆ ಬತ್ತಾನೆ. ತರಗು ಬೆಂಕೀನ ಅವ್ನೆಲ್ಲಿ ನೋಡಿದ್ದಾನು?’ ಎಂದರು. ಹುಡುಗ ಓದಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಳಕೆಯಲ್ಲಿಲ್ಲದ ವಿದ್ಯೆಯನ್ನು ವಸ್ತುಸಂಗ್ರಹಾಲಯದಲ್ಲಿಟ್ಟು ಉಳಿಸಲಾಗದು. ನಮ್ಮಂಥ ಪ್ರವಾಸಿಗರ ಮುಂದೆ ವರ್ಷಕ್ಕೆ ನಾಲ್ಕು ಬಾರಿ ಪ್ರದರ್ಶಿಸಿದರೂ ಅದು ಉಳಿಯದು. ಕಾಡಿನ ನಿರ್ವಹಣಾ ಯೋಜನೆ ಬರೆಯುವಾಗ ಗ್ರಾಮಸಭೆಗಳಿಗೆ ಕುರ್ಚಿ ಬೇಕು. ಅರಣ್ಯ ಸಿಬ್ಬಂದಿಯ ತರಬೇತಿಯಲ್ಲಿ ಇಂಥ ಹಿರಿಯರು ಬೋಧಕರಾಗಬೇಕು. ಅವರಿಗೆ ಬೋಧಕರ ಸಂಭಾವನೆಯೇ ಸಲ್ಲಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಮನಸ್ಸು ಸಾಕು.

ಸಂಜೆ ಹೊರಡುವ ಮುನ್ನ ಚಾರಣದ ವ್ಯವಸ್ಥೆ ನೋಡಿಕೊಂಡಿದ್ದ ಯುವಕ ಯಜಮಾನರ ಮುಂದೆ ವೋಚರ್ ಹಿಡಿದ. ಅವರು ನಿಧಾನವಾಗಿ ಸಹಿ ಹಾಕಿದರು. ಪಕ್ಕದಲ್ಲಿದ್ದ ನನ್ನ ಕಣ್ಣು ಹಳೆಯ ಅಭ್ಯಾಸದಂತೆ ವಿವರದ ಸಾಲಿಗೆ ಹೋಯಿತು: ‘ಅಕುಶಲ ಕೂಲಿ – 1 ದಿನ’. ತಿದ್ದಲು ನನಗೀಗ ಅಧಿಕಾರವಿಲ್ಲ. ಆದರೂ ಹುಡುಗನನ್ನು ಕರೆದು ಆ ಪದ ಹೊಡೆದುಹಾಕಿ ‘ಶಿಕ್ಷಕರ ಗೌರವಧನ’ ಎಂದು ಬರೆಯಲು ಕೇಳಿಕೊಂಡೆ. ‘ನಮ್ಮಲ್ಲಿ ಅಂಥ ಲೆಕ್ಕಶೀರ್ಷಿಕೆ ಇಲ್ಲ ಸಾರ್’ ಎಂದ. ಆ ಉತ್ತರ ಹೊಸದಾಗಿರಲಿಲ್ಲ. ನಾನೇ ಎಷ್ಟೋ ಮಂದಿಗೆ ಅದನ್ನು ಹೇಳಿ ಕಳುಹಿಸಿದ್ದೆ.