ಎರೆಹೊಲದ ಇಲಿಯೂ ಡಾರ್ವಿನ್ನನ ಟಪಾಲೂ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ರೈತನಿಗೆ ಇಲಿಯ ಕಾಟ ಹೊಸದೇನಲ್ಲ. ಬಿತ್ತಿದ ಕಾಳನ್ನು ಮೊಳಕೆಯೊಡೆಯುವ ಮೊದಲೇ ಆರಿಸಿ ತಿನ್ನುವ, ಬೆಳೆದ ತೆನೆಯನ್ನು ಕಡಿದು ಬಿಲಕ್ಕೆ ಸಾಗಿಸುವ ಈ ಪ್ರಾಣಿಯನ್ನು ಶಪಿಸದ ರೈತನಿಲ್ಲ. ಆದರೆ ಇದೇ ಇಲಿಗಳಿಗೆ ವಿಜ್ಞಾನ ಲೋಕ ಕೊಟ್ಟಿರುವ ಲ್ಯಾಟಿನ್ ಹೆಸರುಗಳಲ್ಲಿ ಈ ಭಾಗದ ಜನರ ಮಾತೇ ಅಡಗಿದೆ ಎಂಬ ಸಂಗತಿ ಅನೇಕರಿಗೆ ಗೊತ್ತಿರಲಾರದು. 'ಗೊಲುಂಡಾ ಎಲಿಯೋಟಿ' ಎಂಬುದು ಒಂದು ಹೆಸರು. 'ಮಿಲಾರ್ಡಿಯಾ ಮೆಲ್ಟಾಡಾ' ಎಂಬುದು ಇನ್ನೊಂದು. ಎರಡೂ ಇಲಿಗಳ ಮೂಲನೆಲೆ ಎಂದು ಪ್ರಾಣಿಶಾಸ್ತ್ರದ ಗ್ರಂಥಗಳು ತೋರಿಸುವುದು ಧಾರವಾಡ ಸೀಮೆಯನ್ನು. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ಈ ಮೂರೂ ಊರುಗಳು ಧಾರವಾಡಕ್ಕೇ ಸೇರಿದ್ದವು.

ಹೊಲದ ಮಾತು ಲಂಡನ್ನಿನ ವಸ್ತುಸಂಗ್ರಹಾಲಯ ತಲುಪಿದ ಬಗೆಯನ್ನು ತಿಳಿಯಬೇಕಾದರೆ ಒಬ್ಬ ಸರ್ಕಾರಿ ಅಧಿಕಾರಿಯ ಕಥೆಯನ್ನು ನೋಡಬೇಕು.

ಕಿತ್ತೂರಿನ ಸೆರೆಯಾಳು

ಆತನ ಹೆಸರು ವಾಲ್ಟರ್ ಎಲಿಯಟ್. 1803ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಈತ ಹದಿಹರೆಯ ಕಳೆಯುವ ಮುನ್ನವೇ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಸೇವೆಗೆ ಸೇರಿದ. ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಸಹಾಯಕನಾಗಿ ಬಂದ. 1824ರ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಹತನಾದಾಗ, ರಾಣಿ ಚೆನ್ನಮ್ಮನ ಸೈನಿಕರು ಸೆರೆಹಿಡಿದ ಇಬ್ಬರು ಇಂಗ್ಲಿಷ್ ಅಧಿಕಾರಿಗಳಲ್ಲಿ ಒಬ್ಬ ಸ್ಟೀವನ್ಸನ್, ಇನ್ನೊಬ್ಬ ಈ ಎಲಿಯಟ್. ಕಿತ್ತೂರಿನ ಇತಿಹಾಸ ಓದಿದವರಿಗೆ ಆತನ ಪರಿಚಯ ಇಷ್ಟೇ. ಆದರೆ ಸೆರೆಯಿಂದ ಬಿಡುಗಡೆಯಾದ ನಂತರವೂ ಆತ 1833ರವರೆಗೆ ಇದೇ ಸೀಮೆಯಲ್ಲಿ ಉಳಿದ. ಕಚೇರಿಯ ಕೆಲಸದ ನಡುವೆ ಎರಡು ಹವ್ಯಾಸಗಳನ್ನು ಬೆಳೆಸಿಕೊಂಡ: ಒಂದು ಶಾಸನಗಳ ಸಂಗ್ರಹ, ಇನ್ನೊಂದು ಪ್ರಾಣಿಗಳ ಅಧ್ಯಯನ.

ಕನ್ನಡ ನಾಡಿನ 595 ಶಾಸನಗಳ ಪ್ರತಿಗಳು ಆತನ ಸಂಗ್ರಹದಲ್ಲಿದ್ದವು. ಅವುಗಳ ಆಧಾರದ ಮೇಲೆ ಬರೆದ ಲೇಖನ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮುಂದೆ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆದ ಜೆ. ಎಫ್. ಫ್ಲೀಟ್‌ಗೆ ಈ ಸಂಗ್ರಹ ನೆರವಾಯಿತು.

ಪ್ರಾಣಿಗಳ ವಿಷಯದಲ್ಲಿಯೂ ಆತನದು ಇದೇ ಶ್ರದ್ಧೆ. ದಕ್ಷಿಣ ಮರಾಠಾ ಸೀಮೆ ಎಂದು ಆಗ ಕರೆಯುತ್ತಿದ್ದ ಈ ಪ್ರದೇಶದ ಸಸ್ತನಿಗಳ ಪಟ್ಟಿಯನ್ನು ಆತ 1839ರಲ್ಲಿ ಮದರಾಸಿನ ಸಾಹಿತ್ಯ ಮತ್ತು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದ. ಚಿಗರಿ, ತೋಳ, ಕತ್ತೆಕಿರುಬದಿಂದ ಹಿಡಿದು ಹೊಲದ ಇಲಿಯವರೆಗೆ ಎಲ್ಲವೂ ಅದರಲ್ಲಿವೆ. ಆ ಚಿಗರಿಯ ಸಂತತಿಗಾಗಿಯೇ 1974ರಲ್ಲಿ ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರ್ ವಿಸ್ತಾರದ ಕೃಷ್ಣಮೃಗ ಅಭಯಾರಣ್ಯ ಏರ್ಪಟ್ಟಿತು.

ಬರಗಾಲದ ಇಲಿಗಳು

ಇಲಿಗಳ ಬಗ್ಗೆ ಎಲಿಯಟ್ ಬರೆದ ಭಾಗ ಹೆಚ್ಚು ಸ್ವಾರಸ್ಯಕರವಾದದ್ದು. 1826ರಲ್ಲಿ ಮುಂಗಾರು ಕೈಕೊಟ್ಟಿತು. ಇಲಿಗಳು ಮಿತಿಮೀರಿ ಹೆಚ್ಚಿದವು. ಮಳೆ ತಡವಾಗಿ ಬಂದು ರೈತರು ಬಿತ್ತಿದಾಗ ಅವು ಹಿಂಡುಹಿಂಡಾಗಿ ಹೊರಬಂದು ಬೀಜವನ್ನೇ ತಿಂದುಹಾಕಿದವು. ರೈತರು ಕೆರೆ ತೋಡುವ ಕಸುಬಿನ ವಡ್ಡರನ್ನು ಕರೆಸಿದರು. ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಎಂದು ಕೂಲಿ ಗೊತ್ತಾಯಿತು. ಸಾವಿರಗಟ್ಟಲೆ ಕೊಂದರೂ ಇಲಿಗಳ ಸಂಖ್ಯೆ ತಗ್ಗಿದಂತೆ ಕಾಣಲಿಲ್ಲ ಎಂದು ಎಲಿಯಟ್ ದಾಖಲಿಸಿದ್ದಾನೆ.

ಯಾವ ಇಲಿ ಎಲ್ಲಿ ಬಿಲ ತೋಡುತ್ತದೆ, ಯಾವುದು ಕಾಳು ಕೂಡಿಡುತ್ತದೆ, ಯಾವುದು ಪೊದೆಯಲ್ಲಿ ಹುಲ್ಲಿನ ಗೂಡು ಕಟ್ಟುತ್ತದೆ ಎಂಬುದನ್ನು ವಡ್ಡರಷ್ಟು ಚೆನ್ನಾಗಿ ಬಲ್ಲವರು ಬೇರೊಬ್ಬರಿರಲಿಲ್ಲ. ಬಿಲದೊಳಗಿನ ಕಾಳು ಬರದ ದಿನಗಳಲ್ಲಿ ಅವರ ಅನ್ನವೇ ಆಗಿತ್ತು. ಹೀಗಾಗಿ ನಾವು 'ಇಲಿ' ಎಂಬ ಒಂದೇ ಮಾತಿನಲ್ಲಿ ಮುಗಿಸುವುದಕ್ಕೆ ಅವರಲ್ಲಿ ಬೇರೆ ಬೇರೆ ಹೆಸರುಗಳಿದ್ದವು. ಎಲಿಯಟ್ ಆ ಹೆಸರುಗಳನ್ನು ಬಿಡದೆ ಬರೆದುಕೊಂಡ. ಕನ್ನಡಿಗರು 'ಗುಲಂದಿ' ಎನ್ನುವುದು ಒಂದು. ವಡ್ಡರು 'ಮೆಟ್ಟಾಡೆ' ಎನ್ನುವುದು ಇನ್ನೊಂದು.

ಎಲಿಯಟ್ ಸಂಗ್ರಹಿಸಿದ ಮಾದರಿಗಳು ಲಂಡನ್ ಸೇರಿದಾಗ ಬ್ರಿಟಿಷ್ ಮ್ಯೂಸಿಯಮ್ಮಿನ ಜಾನ್ ಎಡ್ವರ್ಡ್ ಗ್ರೇ ಅವುಗಳಿಗೆ ನಾಮಕರಣ ಮಾಡಿದ. ಅದು 1837, ವಿಕ್ಟೋರಿಯಾ ರಾಣಿ ಪಟ್ಟಕ್ಕೆ ಬಂದ ವರ್ಷ. 'ಗುಲಂದಿ' ಗೊಲುಂಡಾ ಆಯಿತು. ಅದಕ್ಕೆ ಎಲಿಯಟ್‌ನ ಹೆಸರೂ ಅಂಟಿಕೊಂಡಿತು. 'ಮೆಟ್ಟಾಡೆ' ಮೆಲ್ಟಾಡಾ ಆಯಿತು. ಇಂಗ್ಲಿಷಿನಲ್ಲಿ ಎರಡು 'ಟಿ' ಅಕ್ಷರಗಳನ್ನು ಅಕ್ಕಪಕ್ಕ ಬರೆದು ಮೊದಲನೆಯದರ ಅಡ್ಡಗೆರೆ ಬಿಟ್ಟುಹೋದರೆ ಅದು 'ಎಲ್' ಆಗಿ ಕಾಣುತ್ತದೆ. ಈ ಬದಲಾವಣೆ ಹಾಗೆಯೇ ಆಗಿರಬಹುದು. ಒಮ್ಮೆ ಅಚ್ಚಾದ ಹೆಸರನ್ನು ಮನಬಂದಂತೆ ಬದಲಿಸಲು ವಿಜ್ಞಾನದ ನಿಯಮ ಒಪ್ಪುವುದಿಲ್ಲ. ಆದ್ದರಿಂದ ಇಂದಿಗೂ ಆ ಇಲಿ ಜಗತ್ತಿಗೆಲ್ಲ ಮೆಲ್ಟಾಡಾ ಆಗಿಯೇ ಉಳಿದಿದೆ.

ಕಾಗದವೇ ಪ್ರಯೋಗಶಾಲೆ

ವಿಕ್ಟೋರಿಯಾ ಕಾಲದ ವಿಜ್ಞಾನ ಬೆಳೆದದ್ದು ಬಹುಮಟ್ಟಿಗೆ ಇಂಥ ಕೊಡುಕೊಳೆಯಿಂದಲೇ. ಆಗ ಸಂಬಳ ಪಡೆಯುವ ವಿಜ್ಞಾನಿಗಳು ವಿರಳ. ಪಾದ್ರಿ, ಸೇನಾ ವೈದ್ಯ, ಕಲೆಕ್ಟರ್, ತೋಟದ ಮಾಲೀಕ ಇಂಥವರೇ ದೂರದ ನಾಡುಗಳಿಂದ ವಿವರಗಳನ್ನು ಬರೆದು ಕಳಿಸುತ್ತಿದ್ದರು. ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂತು. ಭಾರತದಲ್ಲಿ 1854ರಿಂದ ಕಾಲು ತೊಲ ತೂಕದ ಕಾಗದ ಅರ್ಧ ಆಣೆಗೆ ದೇಶದ ಯಾವ ಮೂಲೆಗಾದರೂ ಹೋಗತೊಡಗಿತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೂ ಮೊದಲು ಟಪಾಲು ಚೀಲಗಳು ಹಡಗಿನಿಂದ ಇಳಿದು, ಈಜಿಪ್ಟಿನ ನೆಲ ದಾಟಿ, ಮತ್ತೆ ಹಡಗು ಹತ್ತಬೇಕಿತ್ತು.

ಈ ಜಾಲವನ್ನು ಎಲ್ಲರಿಗಿಂತ ಚೆನ್ನಾಗಿ ಬಳಸಿಕೊಂಡವನು ಚಾರ್ಲ್ಸ್ ಡಾರ್ವಿನ್. ಬೀಗಲ್ ಹಡಗಿನ ಯಾನದಿಂದ ಮರಳಿದ ಮೇಲೆ ಆತ ಬ್ರಿಟನ್ ಬಿಟ್ಟು ಹೋಗಲಿಲ್ಲ. ಡೌನ್ ಎಂಬ ಹಳ್ಳಿಯ ಮನೆಯಲ್ಲಿ ಕುಳಿತು ಜಗತ್ತಿನ ಮೂಲೆಮೂಲೆಗೆ ಪ್ರಶ್ನೆಗಳನ್ನು ಬರೆದು ಕಳಿಸಿದ. ಸುಮಾರು 2,000 ಜನರೊಂದಿಗೆ ಆತ ನಡೆಸಿದ ವ್ಯವಹಾರದ 15,000ಕ್ಕೂ ಹೆಚ್ಚು ಕಾಗದಗಳು ಉಳಿದಿವೆ. ಅವು 30 ಸಂಪುಟಗಳಲ್ಲಿ ಅಚ್ಚಾಗಿದ್ದು, ಕೊನೆಯ ಸಂಪುಟ ಹೊರಬಂದದ್ದು 2023ರಲ್ಲಿ.

ಆ ಕಾಗದಗಳಲ್ಲಿ ಒಂದು ಎಲಿಯಟ್‌ಗೆ ಬರೆದದ್ದು. 1855ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಮಾವೇಶದಲ್ಲಿ ಇಬ್ಬರೂ ಭೇಟಿಯಾಗಿದ್ದರು. 1856ರ ಜನವರಿಯಲ್ಲಿ ಡಾರ್ವಿನ್ ಕಾಗದ ಬರೆದು ಭಾರತದ ಸಾಕುಪಾರಿವಾಳ ಮತ್ತು ಕೋಳಿಗಳ ಚರ್ಮಗಳನ್ನು ಕಳಿಸಲು ಕೋರಿದ. ಅಷ್ಟರಲ್ಲಿ ಮದರಾಸು ಸರ್ಕಾರದಲ್ಲಿ ದೊಡ್ಡ ಹುದ್ದೆಗೇರಿದ್ದ ಎಲಿಯಟ್ ಅವುಗಳನ್ನು ಕಳಿಸಿಕೊಟ್ಟ. ಬಗೆಬಗೆಯ ಸಾಕುಪಾರಿವಾಳಗಳೆಲ್ಲ ಒಂದೇ ಕಾಡುಪಾರಿವಾಳದಿಂದ ಬಂದವು ಎಂದು ತೋರಿಸುವುದು ಡಾರ್ವಿನ್ನನ ವಾದದ ಒಂದು ಮುಖ್ಯ ಮೆಟ್ಟಿಲು. ಅದಕ್ಕೆ ದೂರದೇಶಗಳ ತಳಿಗಳನ್ನು ಕಣ್ಣಾರೆ ಹೋಲಿಸಿ ನೋಡಬೇಕಿತ್ತು. 1859ರಲ್ಲಿ ಪ್ರಕಟವಾದ ಜೀವಜಾತಿಗಳ ಉಗಮದ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಆತ ಎಲಿಯಟ್‌ನ ಉಪಕಾರವನ್ನು ಹೆಸರಿಸಿ ನೆನೆದಿದ್ದಾನೆ.

ಉಳಿದ ಹೆಸರು, ಅಳಿದ ಹೆಸರು

ಎಲಿಯಟ್ 1860ರಲ್ಲಿ ನಿವೃತ್ತನಾಗಿ ಸ್ಕಾಟ್ಲೆಂಡಿಗೆ ಮರಳಿದ. ಮುಪ್ಪಿನಲ್ಲಿ ಕಣ್ಣು ಬಹುತೇಕ ಕಾಣದಿದ್ದರೂ ದಕ್ಷಿಣ ಭಾರತದ ನಾಣ್ಯಗಳ ಕುರಿತ ಗ್ರಂಥ ರಚಿಸಿದ. ಕಾಗದ ಬರೆಯುವ ಅಭ್ಯಾಸವಂತೂ ಕೊನೆಯವರೆಗೂ ಬಿಡಲಿಲ್ಲ. 1887ರ ಮಾರ್ಚ್ 1ರ ಬೆಳಿಗ್ಗೆ ತಮಿಳು ವಿದ್ವಾಂಸ ಜಿ. ಯು. ಪೋಪ್‌ಗೆ ಒಂದು ಕಾಗದ ಹೇಳಿ ಬರೆಸಿ, ತನ್ನ ಕೈಯಿಂದಲೇ ಸಹಿ ಹಾಕಿದ. ಅದೇ ಸಂಜೆ ತೀರಿಕೊಂಡ.

ಈ ಕಾಗದಗಳ ಜಾಲ ವಿಜ್ಞಾನಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೆ ಅದರಲ್ಲಿ ಒಂದು ಕೊರತೆಯೂ ಇತ್ತು. ಬರೆಯಬಲ್ಲವರ ಹೆಸರಷ್ಟೇ ದಾಖಲೆಗೆ ಸೇರಿತು. ಬಿಲ ಅಗೆದು, ಇಲಿ ಹಿಡಿದು, ಅದರ ನಡೆನುಡಿ ವಿವರಿಸಿದ ವಡ್ಡರು ಪಟ್ಟಿಯಲ್ಲಿ ಒಂದು ಜಾತಿಯ ಹೆಸರಾಗಿ ಮಾತ್ರ ಕಾಣುತ್ತಾರೆ. ಮನುಷ್ಯರ ಹೆಸರು ಉಳಿಯಲಿಲ್ಲ. ಅವರ ಬಾಯಿಂದ ಬಂದ ಪದ ಉಳಿಯಿತು. ಜಗತ್ತಿನ ಯಾವ ವಿಜ್ಞಾನಿಯೇ ಆಗಲಿ, ಈ ಹೊಲದಿಲಿಯ ಬಗ್ಗೆ ಬರೆಯುವಾಗ, ಒಂದಕ್ಷರ ತಪ್ಪಾಗಿಯಾದರೂ ಅವರ ಮಾತನ್ನೇ ಬರೆಯಬೇಕಾಗುತ್ತದೆ.